ಭೀಮೆಯ ಎರಡು ದಂಡೆಗಳು

ಒಂದು ಜನಾಂಗದ ಸಂಸ್ಕೃತಿಯೆಂಬುವದು ಆ ಜನಾಂಗದ ರಕ್ತದೊಡನೆಯೇ ಹುಟ್ಟಿ ಬಂದುದು, ಅದು ಆದಿಯಿಂದಲೂ ಒಂದೇ ತೆರನಾಗಿದ್ದುದು, ಈಗೀಗ ಮಾತ್ರ ಹೊರಗಿನ ಗಾಳಿ ಬಡಿದು ಕೆಡುತ್ತ ನಡೆದಿರುವದು ಎಂಬ ತಿಳುವಳಿಕೆಯು ನಮ್ಮ ಸುಶಿಕ್ಷಿತರಲ್ಲಿಯೂ ಬಲವಾಗಿ ಬೇರೂರಿದೆ. ಈ ತಿಳುವಳಿಕೆಯಲ್ಲಿ ಎರಡು ತಪ್ಪುಗಳು ಅಡಗಿವೆ. ನಾಡಿನ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇರುವ ಅಂತರವನ್ನು ಅದು ಮರೆಯುತ್ತದೆ. ಅಜ್ಜನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಇರುವ ಅಂತರವನ್ನು ಅವನತಿಯೆಂದು ಕರೆದು ಕೈತೊಳೆದುಕೊಳ್ಳುತ್ತದೆ. ನಮ್ಮ ಹಿರಿಯರು ಇಷ್ಟು ಸಂಕುಚಿತ ದೃಷ್ಟಿಯವರಾಗಿರಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಗೆ ಒಯ್ದು ನಿಲ್ಲಿಸಿದನೆಂದು ನಾವು ಸಭೆಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ಗ್ರಂಥಕಾರನು, ದೇಸಿಯು ಊರಿಗೊಂದು ಬಗೆಯಾಗಿರುವದರಿಂದ ಅದರ ದೋಷಗಳನ್ನೆಣಿಸಹೋದರೆ ವಾಸುಕಿಗೂ ಬೇಸರ ಬಂದೀತೆಂದು ಹೇಳಿರುವದನ್ನು ಯಾರೂ ನೆನೆಯುವದಿಲ್ಲ. ನಾಡು ಒಂದೆಂಬ ಅರಿವೂ ಅದರೊಳಗಿನ ಬಗೆಗಳು ಹಲವೆಂಬ ಅರಿವೂ ಒಬ್ಬನೇ ಮನುಷ್ಯನಲ್ಲಿ ಒಂದೇ ಕಾಲಕ್ಕೆ ನೆಲೆಸಿದ್ದವು.

ಈ ವಿಷಯವನ್ನು ಕುರಿತು ಸಾಮಾನ್ಯ ಮಾತುಗಳನ್ನಾಡುವದಕ್ಕಿಂತ ಒಂದು ಸೀಮೆಯನ್ನು ಹಿಡಿದು ನೋಡುವದು ಲೇಸು. ಅದಕ್ಕೆ ಚಡಚಣದ ಸೀಮೆಗಿಂತ ಯೋಗ್ಯವಾದ ಸ್ಥಳವು ಕರ್ನಾಟಕದಲ್ಲಿ ವಿರಳವೆಂದೇ ಹೇಳಬೇಕು. ವಿಜಾಪುರ ಜಿಲ್ಲೆಯ ಬಡಗಣ ತುದಿಯಲ್ಲಿರುವ ಈ ಊರು ಬಹುಕಾಲ ಇಂಡಿ ತಾಲೂಕಿನೊಳಗಿದ್ದು, ಈಗ ಕೆಲ ವರ್ಷಗಳಿಂದ ತಾನೇ ಒಂದು ತಾಲೂಕಿನ ಮುಖ್ಯಸ್ಥಳವಾಗಿದೆ. ಬಡಗಣಕ್ಕೆ ಭೀಮಾ ನದಿ, ಅದರಾಚೆಗೆ ಸೊಲ್ಲಾಪುರ; ಪಡುವಣಕ್ಕೆ ಜತ್ತ ಮತ್ತು ಮಂಗಳವೇಡೆ. ಮದುವೆಯ ಜವಳಿಯನ್ನು ಕೊಳ್ಳಲು ನದಿಯಾಚೆಯ ಮರಾಠಿ ಮಾತಿನ ಕುಟುಂಬಗಳು ಚಡಚಣದ ಪೇಟೆಗೆ ಬರುತ್ತವೆ. ಇಲ್ಲಿಯ ಕನ್ನಡದ ಕುಟುಂಬಗಳು ದವಾಖಾನೆಗೆ, ಕೂಲಿಗೆ ಸೊಲ್ಲಾಪುರಕ್ಕೆ ಹೋಗುತ್ತವೆ. ನೆಲವೂ ಒಂದೇ: ಎರೆಯ ಹೊಲ, ಹಿಂಗಾರಿಯ ಬಿಳಿಜೋಳ, ನಂಬಲಾಗದ ಮಳೆ.

ಈ ನೆಲದ ಮೇಲೆ ರಾಜ್ಯದ ಗೆರೆಗಳು ಎಷ್ಟು ಸಲ ಎಳೆಯಲ್ಪಟ್ಟು ಅಳಿಸಲ್ಪಟ್ಟವೆಂಬುದನ್ನು ನೋಡಿದರೆ ಆಶ್ಚರ್ಯವಾಗುವದು. ಆದಿಲಶಾಹಿ ಹೋಗಿ ಮೊಗಲಾಯಿ, ಅದು ಹೋಗಿ ಪೇಶವಾಯಿ. 1818ರಲ್ಲಿ ಪೇಶವೆಯರು ಸೋತ ಬಳಿಕ ವಿಜಾಪುರವು ಸಾತಾರೆಯ ಅರಸರ ಪಾಲಾಗಿ, 1848ರಲ್ಲಿ ಆಂಗ್ಲರ ವಶವಾಯಿತು. ಮುಂದೆ ಕಲಾದಗಿ ಜಿಲ್ಲೆಯೆಂದು ಹೆಸರಾಯಿತು. 1885ರಲ್ಲಿ ಕಚೇರಿಗಳು ವಿಜಾಪುರಕ್ಕೆ ಬಂದವು. ಮಗ್ಗುಲಿನ ಜತ್ತ, ಅಕ್ಕಲಕೋಟೆಗಳು ಸಂಸ್ಥಾನಗಳಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ನೆಯ ನವಂಬರ 1ರಂದು ಚಡಚಣವು ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳು ಆಚೆಗೆ ಉಳಿದವು. ಮಹಾಜನ ಆಯೋಗವು 1967ರ ವರದಿಯಲ್ಲಿ ಅಕ್ಕಲಕೋಟೆಯನ್ನೂ, ಜತ್ತ ಹಾಗೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳನ್ನೂ ಈಚೆಗೆ ಸೇರಿಸಬೇಕೆಂದು ಸೂಚಿಸಿದುದು ಕಾಗದದಲ್ಲಿಯೇ ಉಳಿಯಿತು. ಗೆರೆಗಳು ಹೀಗೆ ಅಲೆದಾಡುತ್ತಿರಲು ಒಕ್ಕಲಿಗನು ಮಾತ್ರ ತನ್ನ ಹೊಲದಲ್ಲಿಯೇ ಇದ್ದನು.

ಹಾಗಾದರೆ ಒಂದು ಸಂಸ್ಕೃತಿಯು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು? ಎತ್ತಿನ ಹಬ್ಬವನ್ನೇ ನೋಡಿರಿ. ನಮ್ಮ ಕಡೆಯ ಒಕ್ಕಲಿಗರು ಜ್ಯೇಷ್ಠದ ಹುಣ್ಣಿವೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕಾರಹುಣ್ಣಿವೆ ಮಾಡುತ್ತಾರೆ. ಮರಾಠವಾಡೆ, ವಿದರ್ಭಗಳಲ್ಲಿ ಇದೇ ಪೂಜೆಯು ಶ್ರಾವಣದ ಅಮಾವಾಸ್ಯೆಗೆ ‘ಪೋಳಾ’ ಎಂಬ ಹೆಸರಿನಿಂದ ನಡೆಯುತ್ತದೆ. ನಡುವಿನ ದಕ್ಷಿಣ ಮಹಾರಾಷ್ಟ್ರದಲ್ಲಿ ಅದಕ್ಕೆ ‘ಬೆಂದೂರ’ವೆಂದು ಹೆಸರು, ಅಲ್ಲಿಯ ಪಂಚಾಂಗಗಳಲ್ಲಿ ಜ್ಯೇಷ್ಠಕ್ಕೆ ‘ಕರ್ನಾಟಕೀ ಬೆಂದೂರ’ವೆಂದೂ ಆಷಾಢಕ್ಕೆ ‘ಮಹಾರಾಷ್ಟ್ರೀಯ ಬೆಂದೂರ’ವೆಂದೂ ಎರಡು ದಿನಗಳು ಅಚ್ಚಾಗಿರುತ್ತವೆ. ಮುಂಗಾರಿನ ಮಳೆಯು ದಕ್ಷಿಣದಿಂದ ಉತ್ತರಕ್ಕೆ ಏರುವಂತೆ ಎತ್ತಿನ ಹಬ್ಬವೂ ತಿಂಗಳುತಿಂಗಳಿಗೆ ಏರುತ್ತ ಹೋಗುತ್ತದೆ. ಯಾವ ಊರಿನಲ್ಲಿ ನಿಂತು ‘ಇದು ಕೊನೆಯ ಕನ್ನಡದ ಎತ್ತು, ಅದು ಮೊದಲನೆಯ ಮರಾಠಿ ಎತ್ತು’ ಎನ್ನೋಣ?

ಎಳ್ಳ ಅಮಾವಾಸ್ಯೆಯ ಮಾತೂ ಹೀಗೆಯೇ. ಬುತ್ತಿಯನ್ನು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಹತ್ತು ಮಂದಿಯನ್ನು ಕರೆದು ಉಣ್ಣುವ ಈ ಹಬ್ಬವು ವಿಜಾಪುರ-ಕಲಬುರ್ಗಿಗಳಲ್ಲಿ ಇದ್ದಂತೆಯೇ ಲಾತೂರ, ಧಾರಾಶಿವ, ಸೊಲ್ಲಾಪುರಗಳಲ್ಲಿಯೂ ಇದೆ. ಅಲ್ಲಿ ಅದನ್ನು ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ. ನಮ್ಮ ಎಳ್ಳು ನದಿ ದಾಟುವಾಗ ‘ವೇಳ’ವಾಯಿತೆಂದು ಬಲ್ಲವರು ಹೇಳುವರು. ಹೆಸರಿನ ಅರ್ಥವು ಹೋಯಿತು, ಹಬ್ಬವು ಉಳಿಯಿತು. ಇಲಕಲ್ಲಿನ ಸೀರೆಯೂ ಮಹಾರಾಷ್ಟ್ರದ ಹಳ್ಳಿಗಳಲ್ಲಿ ‘ಇರಕಲ’ವಾಗಿ, ಅದು ಊರಿನ ಹೆಸರೆಂಬುದನ್ನೇ ಉಟ್ಟವರು ಮರೆಯುವಷ್ಟು ಮನೆಯದಾಗಿದೆ. ಮರಾಠಿಯ ‘ತೂಪ’ವು ನಮ್ಮ ತುಪ್ಪ, ‘ಅಡಕಿತ್ತಾ’ ನಮ್ಮ ಅಡಕೊತ್ತು. ಪ್ರತಿಯಾಗಿ ನಮ್ಮ ಪೇಟೆಯ ಕನ್ನಡದಿಂದ ಮರಾಠಿ, ಫಾರ್ಸಿ ಶಬ್ದಗಳನ್ನು ಹೊರಗೆ ಹಾಕಿದರೆ ವ್ಯಾಪಾರಿಯು ಒಂದು ಖಾತೆಯನ್ನೂ ಬರೆಯಲಾರನು, ಕುಲಕರ್ಣಿಯು ಒಂದು ಜಮೀನನ್ನೂ ಅಳೆಯಲಾರನು. ಪಗಾರವೆಂಬ ಮಾತಂತೂ ಪೋರ್ತುಗೀಜರ ಹಡಗಿನಲ್ಲಿ ಬಂದು, ಮರಾಠಿಯ ಬಂಡಿಯನ್ನೇರಿ, ನಮ್ಮ ಮನೆ ಮುಟ್ಟಿದೆ. ತಿಂಗಳ ಕೊನೆಗೆ ಅದನ್ನು ಪರಕೀಯವೆಂದು ಬೇಡವೆನ್ನುವವರನ್ನು ನಾವಿನ್ನೂ ಕಂಡಿಲ್ಲ.

ಹಬ್ಬ-ಸೀರೆಗಳಿಗಿಂತ ಆಳವಾದುದು ಬೀಗತನ. ಅಲ್ಲಿಯೂ ಇದೇ ಮೆಲ್ಲಗಿನ ಇಳಿಜಾರು ಕಾಣುತ್ತದೆ. ಪುಣೆಯ ವಿದುಷಿ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವವ್ಯವಸ್ಥೆಯನ್ನು ಕುರಿತ ಗ್ರಂಥದಲ್ಲಿ, ಉತ್ತರದ ಪದ್ಧತಿಯೂ ದಕ್ಷಿಣದ ಪದ್ಧತಿಯೂ ಕೂಡುವ ಸ್ಥಳವು ಮಹಾರಾಷ್ಟ್ರವೆಂದು ವಿವರಿಸಿದ್ದಾರೆ. ಉತ್ತರದಲ್ಲಿ ಸೋದರಿಕೆಯ ಮದುವೆಯೆಂಬುದು ನಿಷಿದ್ಧ. ಕರ್ನಾಟಕದಲ್ಲಿ ಸೋದರಮಾವನು ತನ್ನ ಅಕ್ಕನ ಮಗಳನ್ನೇ ವರಿಸುವದುಂಟು. ನಡುವಿನ ಮಹಾರಾಷ್ಟ್ರದ ಬಹುಭಾಗದಲ್ಲಿ ಸೋದರಮಾವನ ಮಗಳನ್ನು ತರುವದು ಮೆಚ್ಚಿಗೆಯ ಸಂಬಂಧ. ಆದರೆ ಅಕ್ಕನ ಮಗಳನ್ನು ಮದುವೆಯಾಗುವದು ಅಲ್ಲಿ ಸಲ್ಲದು. ಆ ಬಳಿಕ ಎಪ್ಪತ್ತು ವರ್ಷಗಳು ಕಳೆದಿವೆ. ಇಂದು ಕಲಿತ ಹುಡುಗಿಯರೂ, ಹುಟ್ಟುವ ಮಕ್ಕಳ ಆರೋಗ್ಯವನ್ನು ನೆನೆಸಿ ಎಚ್ಚರಿಸುವ ವೈದ್ಯರೂ ಈ ಸಂಬಂಧಗಳನ್ನು ಪ್ರಶ್ನಿಸುತ್ತಿದ್ದಾರೆ. ಸ್ಥಳದಿಂದ ಸ್ಥಳಕ್ಕೆ ಬದಲಾಗುವದು ಕಾಲದಿಂದ ಕಾಲಕ್ಕೂ ಬದಲಾದರೆ ಅದರಲ್ಲಿ ಬೆರಗೇನು?

ನುಡಿಯ ವಿಷಯದಲ್ಲಿ ಇನ್ನೂ ವಿಚಿತ್ರವಾದ ಒಂದು ನಿದರ್ಶನವು ನಮ್ಮ ನೆರೆಯ ಸಾಂಗಲಿ ಜಿಲ್ಲೆಯಿಂದ ದೊರೆತಿದೆ. ಇದು ಜಗತ್ತಿನ ಭಾಷಾಶಾಸ್ತ್ರಜ್ಞರೆಲ್ಲರೂ ಓದುವ ನಿದರ್ಶನವಾಗಿದ್ದರೂ ನಮ್ಮ ಜನಕ್ಕೆ ಅಷ್ಟಾಗಿ ತಿಳಿಯದು. ಗಂಪರ್ಜ ಮತ್ತು ವಿಲ್ಸನ್ ಎಂಬ ವಿದ್ವಾಂಸರಿಬ್ಬರು ಕುಪವಾರವೆಂದು ಅವರು ಕರೆದ ಒಂದು ಹಳ್ಳಿಯ ಮಾತನ್ನು ಪರೀಕ್ಷಿಸಿ 1971ರಲ್ಲಿ ಲೇಖನ ಬರೆದರು. ಸುಮಾರು ಮೂರು ಸಾವಿರ ಜನವಸತಿಯ ಆ ಊರಲ್ಲಿ ಜೈನರು ಮನೆಯಲ್ಲಿ ಕನ್ನಡವನ್ನಾಡುವರು, ಮುಸಲ್ಮಾನರು ಉರ್ದುವನ್ನಾಡುವರು, ಉಳಿದ ಕೆಲವರು ಮರಾಠಿಯನ್ನಾಡುವರು. ಹಗ್ಗ ಹೊಸೆಯುವ ಕೆಲ ಮನೆಗಳದು ತೆಲುಗು. ಶತಮಾನಗಳ ವರೆಗೆ ಯಾರೂ ತಮ್ಮ ಮನೆಯ ಮಾತನ್ನು ಬಿಡಲಿಲ್ಲ. ಆದರೆ ದಿನವೂ ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುತ್ತಿದ್ದುದರಿಂದ ಆ ನುಡಿಗಳ ವ್ಯಾಕರಣವು ಒಂದೇ ಅಚ್ಚಿಗೆ ಇಳಿಯಿತು. ಶಬ್ದಗಳು ಮಾತ್ರ ಬೇರೆಬೇರೆಯಾಗಿ ಉಳಿದವು. ‘ಇದು ನಿನ್ನ ಮನೆ’ ಎಂದರೆ ನಮ್ಮಲ್ಲಿ ಸಾಕು. ಅಲ್ಲಿಯ ಕನ್ನಡಕ್ಕೆ ಮರಾಠಿಯಂತೆ ಕೊನೆಗೆ ‘ಐತಿ’ ಬೇಕೇ ಬೇಕು. ಉರ್ದುವಿನಲ್ಲಿ ನದಿಯು ಹೆಣ್ಣು. ಕುಪವಾರದ ಉರ್ದುವಿನಲ್ಲಿ ಕನ್ನಡದ ರೀತಿಯನ್ನನುಸರಿಸಿ ನದಿಗೆ ಆ ಹೆಣ್ಣುತನವು ಹೋಗಿದೆ. ಜನರು ತಮ್ಮ ಬೇರೆತನವನ್ನೂ ಕಾಯ್ದುಕೊಂಡರು, ನೆರೆಯವರೊಡನೆ ಬದುಕುವ ಹದವನ್ನೂ ಕಂಡುಕೊಂಡರು. ನಮ್ಮ ನಿಘಂಟುಗಳೂ ನಮ್ಮ ರಾಜಕಾರಣಿಗಳೂ ಮೇಲಿನ ಶಬ್ದಗಳನ್ನು ಎಣಿಸುವಷ್ಟರಲ್ಲಿಯೇ ದಣಿಯುತ್ತಾರೆ. ಕೆಳಗಿನ ವ್ಯಾಕರಣವು ಅವರ ಕಣ್ಣಿಗೆ ಬೀಳುವದಿಲ್ಲ.

ದೇವರುಗಳೂ ಈ ಸೀಮೆಯಲ್ಲಿ ಎರಡು ನುಡಿಯವರೇ. ಪಂಢರಪುರವು ಇದೇ ಭೀಮೆಯ ದಂಡೆಯ ಮೇಲಿದೆ. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದರಲ್ಲಿ ವಿಠ್ಠಲನನ್ನು ಕಾನಡನೆಂದೂ ಕರ್ನಾಟಕದವನೆಂದೂ ಕರೆದಿರುವದು ಮಹಾರಾಷ್ಟ್ರದ ಪ್ರತಿಯೊಬ್ಬ ವಾರಕರಿಗೂ ಗೊತ್ತು. 1237ರಲ್ಲಿ ಹೊಯ್ಸಳ ಸೋಮೇಶ್ವರನು ಅಲ್ಲಿ ದತ್ತಿ ಬಿಟ್ಟ ಶಾಸನವಿದೆ. ಸೊಲ್ಲಾಪುರದಲ್ಲಿ ಹನ್ನೆರಡನೆಯ ಶತಮಾನದ ಸಿದ್ಧರಾಮನು ಕೆರೆ ತೋಡಿಸಿ, ಅರುವತ್ತೆಂಟು ಲಿಂಗಗಳನ್ನು ನಿಲ್ಲಿಸಿ, ಕನ್ನಡದಲ್ಲಿ ವಚನಗಳನ್ನೂ ತ್ರಿವಿಧಿಗಳನ್ನೂ ಹೇಳಿದನು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಅವನ ನಂದೀಧ್ವಜಗಳ ಹಿಂದೆ ಇಂದು ನಡೆಯುವ ಲಕ್ಷಗಟ್ಟಲೆ ಜನರಲ್ಲಿ ಮರಾಠಿಯನ್ನಾಡುವವರೆಷ್ಟೋ, ಕನ್ನಡವನ್ನಾಡುವವರೆಷ್ಟೋ, ತೆಲುಗಿನ ಪದ್ಮಶಾಲಿಗಳೆಷ್ಟೋ! ಕಳಚುರಿ ಬಿಜ್ಜಳನ ನೆಲೆಯಾಗಿದ್ದ ಮಂಗಳವೇಡೆಯು ಬಸವಣ್ಣನವರ ಕಥೆಯೊಡನೆ ಹೆಣೆದುಕೊಂಡಿದೆ. ಅದೇ ಮಂಗಳವೇಡೆಯಲ್ಲಿ ಚೋಖಾಮೇಳನು ಗೋಡೆ ಕುಸಿದು ಮಡಿದನೆಂದು ಮಹಾರಾಷ್ಟ್ರದ ಸಂತಕಥೆಯು ಹೇಳುತ್ತದೆ. ಸೀನಾ ನದಿಯು ಭೀಮೆಯನ್ನು ಕೂಡುವ ಹತ್ತರಸಂಗದ ಕೂಡಲದಲ್ಲಿ ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲೊಂದು, 1018ನೆಯ ಇಸವಿಯದು, ಸಿಕ್ಕಿದೆ. ಊರಿನ ಹೆಸರು ಮಾತ್ರ ಕನ್ನಡದ ‘ಕೂಡಲ’. ಇದನ್ನು ಯಾರ ಗೆಲವೆಂದು ಬರೆದುಕೊಳ್ಳುವದು?

ನಮ್ಮ ಕಡೆಯ ಮೊಹರಮ್ಮಿನಲ್ಲಿ ಹಿಂದೂ ಒಕ್ಕಲಿಗರು ಅಲಾವಿ ಕುಣಿದು, ಕರ್ಬಲೆಯ ಶೋಕವನ್ನು ಕನ್ನಡದ ರಿವಾಯತಗಳಲ್ಲಿ ಹಾಡುವದನ್ನು ಇಲ್ಲಿ ವಿಸ್ತರಿಸುವ ಕಾರಣವಿಲ್ಲ. ವಿಜಾಪುರ ಜಿಲ್ಲೆಯ ವಾಚಕರಿಗೆ ಅದು ಹೊಸದಲ್ಲ.

ಈಗ ಹಾಡಿನ ಮಾತಿಗೆ ಬರೋಣ. ಯಾಕಂದರೆ ಸಂಸ್ಕೃತಿಯು ಸ್ಥಳದಿಂದ ಹೇಗೆ ಬೇರೆಯಾಗುತ್ತದೆಂಬುದನ್ನೂ ಕಾಲದಿಂದ ಹೇಗೆ ಮಾರ್ಪಡುತ್ತದೆಂಬುದನ್ನೂ ಒಟ್ಟಿಗೆ ತೋರಿಸುವ ವಸ್ತುವು ಈ ಸೀಮೆಯಲ್ಲಿ ಅದೊಂದೇ. ಚಡಚಣದಿಂದ ಕೆಲವೇ ಹರದಾರಿಯ ಮೇಲೆ ಹಲಸಂಗಿಯೆಂಬ ಹಳ್ಳಿಯಿದೆ. ಅಲ್ಲಿ ಮಧುರಚೆನ್ನರೆಂದು ಮುಂದೆ ಹೆಸರಾದ ಚೆನ್ನಮಲ್ಲಪ್ಪ ಗಲಗಲಿಯವರು, ಚಡಚಣದಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಮೊದಲಾದ ತರುಣರು ಕೂಡಿ ಒಂದು ಗೆಳೆಯರ ಗುಂಪನ್ನು ಕಟ್ಟಿದರು. ಅವರಲ್ಲಿ ಯಾರೂ ಶ್ರೀಮಂತರಲ್ಲ, ಯಾರ ಹೆಸರಿನ ಮುಂದೆಯೂ ವಿಶ್ವವಿದ್ಯಾಲಯದ ದೊಡ್ಡ ಪದವಿಗಳಿರಲಿಲ್ಲ. 1931ರಲ್ಲಿ ಅವರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರಗೆಡವಿದರು. ಆಗ ಮಧುರಚೆನ್ನರಿಗೆ ಇಪ್ಪತ್ತೆಂಟು ವರ್ಷ, ಲಿಂಗಣ್ಣನವರಿಗೆ ಇಪ್ಪತ್ತಾರು. ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಿಂದ ಅದಕ್ಕೆ ಮುನ್ನುಡಿ ಬರೆದು ಹರಸಿದರು. ಮುಂದೆ ಲಾವಣಿಗಳ ‘ಜೀವನ ಸಂಗೀತ’ವೂ ‘ಮಲ್ಲಿಗೆ ದಂಡೆ’ಯೂ ಹಿಂಬಾಲಿಸಿದವು.

ಆ ಕಾರ್ಯದ ಮಹತ್ವವನ್ನು ತಿಳಿಯಲು ಅಂದಿನ ಪರಿಸ್ಥಿತಿಯನ್ನು ನೆನೆಯಬೇಕು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ್ದರು. ವಚನಗಳಾದರೂ ಓಲೆಯಲ್ಲಿ ಬರೆದಿಟ್ಟವು. ಗೆದ್ದಲು ತಿನ್ನದಿದ್ದರೆ ಕಾದಿದ್ದಾವು. ಗರತಿಯ ಹಾಡಿಗೆ ಓಲೆಯಿಲ್ಲ. ಅದು ಹಾಡುವವಳ ನಾಲಗೆಯ ಮೇಲಿದ್ದು ಅವಳೊಡನೆ ಮಣ್ಣಾಗುವ ವಸ್ತು. ಅದಕ್ಕೂ ಮೊದಲು ಫ್ಲೀಟ್ ಸಾಹೇಬರು ಕನ್ನಡದ ಲಾವಣಿಗಳನ್ನು ಬರೆದುಕೊಂಡು 1885ರಿಂದ ಅಚ್ಚು ಮಾಡಿಸಿದ್ದರು. ಆದರೆ ಅವು ಗಂಡಸರು ಬಯಲಲ್ಲಿ ಹಾಡುವ ವೀರರ ಕಥೆಗಳು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು ತನ್ನ ತವರಿಗೆ, ತನ್ನ ಅಣ್ಣನಿಗೆ, ತೊಟ್ಟಿಲ ಕೂಸಿಗೆ, ಅತ್ತೆಯ ಮನೆಯ ಕಹಿಗೆ ಕಟ್ಟಿದ ಮೂರು ಸಾಲುಗಳನ್ನು ಸಾಹಿತ್ಯವೆಂದು ಎಣಿಸಿದವರು ಹಿಂದೆ ವಿರಳ.

ಆ ಮೂರು ಸಾಲುಗಳ ವಂಶವು ಸಾಮಾನ್ಯವಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯಲ್ಲಿ ಕಪ್ಪೆ ಅರಭಟ್ಟನನ್ನು ಕುರಿತು ಕೊರೆದ ಪದ್ಯಗಳು ತ್ರಿಪದಿಗಳು. ಸಿದ್ಧರಾಮನ ಸ್ತೋತ್ರಗಳು, ಸರ್ವಜ್ಞನ ವಚನಗಳು ತ್ರಿಪದಿಗಳು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಚರಿತ್ರವನ್ನು ಮಹಾಕಾವ್ಯವಾಗಿ ಬರೆಯಲು ಆರಿಸಿಕೊಂಡುದೂ ಇದೇ ಬೀಸುಕಲ್ಲಿನ ತ್ರಿಪದಿಯನ್ನೇ. ಇದೇ ತಾಯಿಯವರು 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಸ್ಥಾನವನ್ನೇರಿದ ಮೊದಲ ಮಹಿಳೆ. ಮಹಾರಾಷ್ಟ್ರದ ಮತದಾರರಾಗಿದ್ದುದು ಅವರ ಕನ್ನಡವನ್ನು ಕುಗ್ಗಿಸಲಿಲ್ಲ.

ಭೀಮೆಯ ಆಚೆಯ ದಂಡೆಯಲ್ಲಿ ಬೀಸುವ ಹೆಂಗಸು ಹಾಡುವದು ‘ಓವಿ’. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿಯನ್ನು ಹಾಡುವರೆಂದು ಬರೆದಿಟ್ಟಿದ್ದಾನೆ. ಎಂಟುನೂರು ವರ್ಷಗಳಾಚೆಯ ಕನ್ನಡದ ಅರಸನೊಬ್ಬನು ಮರಾಠಿ ಹೆಂಗಸಿನ ಒನಕೆಯ ಪದಕ್ಕೆ ಕಿವಿಗೊಟ್ಟುದು ನಮಗೆ ಹೆಮ್ಮೆಯ ಸಂಗತಿಯಾಗಿದೆ. ಓವಿ ಮತ್ತು ತ್ರಿಪದಿಗಳ ಛಂದಸ್ಸು ಬೇರೆ, ನುಡಿ ಬೇರೆ. ಕಲ್ಲಿನ ಸುತ್ತು ಒಂದೇ, ತವರಿನ ಹಂಬಲ ಒಂದೇ, ಪಂಢರಿಯ ದಾರಿ ಒಂದೇ. ಪುಣೆಯಲ್ಲಿ ಹೇಮಾ ರಾಯಿರ್ಕರ ಮತ್ತು ಗೀ ಪ್ವಾತ್ವಾಂ ಎಂಬವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮಹಾರಾಷ್ಟ್ರದ ಹಳ್ಳಿಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೀರಿ ಓವಿಗಳನ್ನು ಕೂಡಿಸಿದರು. ಹಾಡಿದವಳ ಹೆಸರು, ಊರುಗಳೊಡನೆ ಅವು ಇಂದು ಯಾರಿಗಾದರೂ ಕೇಳಸಿಗುತ್ತವೆ. ಹಲಸಂಗಿಯ ಗೆಳೆಯರು ಅರ್ಧ ಶತಮಾನ ಮೊದಲೇ ಇದನ್ನು ಆರಂಭಿಸಿದ್ದರೂ, ಆಮೇಲೆ ನಮ್ಮಲ್ಲಿ ಆ ಪ್ರಮಾಣದ ಕೆಲಸವು ತ್ರಿಪದಿಯೊಂದಕ್ಕಾಗಿಯೇ ನಡೆಯಲಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಬೇಕು.

ಗಂಡಸರ ಲಾವಣಿಯು ಬೇರೊಂದು ಬಗೆಯಲ್ಲಿ ನದಿ ದಾಟಿತು. ಮರಾಠಿ ತಮಾಶಾದ ಕಲಗಿ-ತುರಾಗಳ ವಾದವು ನಮ್ಮಲ್ಲಿ ನಾಗೇಶಿ-ಹರದೇಶಿಗಳ ಜಗಳವಾಗಿ, ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ರಾತ್ರಿಯಿಡೀ ದಪ್ಪು-ತುಂತುಣಿಗಳೊಡನೆ ಮೊಳಗಿತು. ಹಲಸಂಗಿಯ ಖಾಜಾಭಾಯಿಯಂಥ ಮುಸಲ್ಮಾನ ಕವಿಯು ಕನ್ನಡದಲ್ಲಿ ಲಾವಣಿ ಕಟ್ಟಿದುದು ಈ ಮೂರು ಧಾರೆಗಳು ಕೂಡಿದುದರ ಫಲ. ಸ್ವಾತಂತ್ರ್ಯದ ಚಳವಳಿಯ ಕಾಲಕ್ಕೆ ಇದೇ ಗೀಗೀ ಮೇಳಗಳು ಚರಕ ಮತ್ತು ಖಾದಿಯ ಪದಗಳನ್ನು ಹಾಡಿದವು. ಬಯಲಿನ ಹಾಡು ಹೊಸ ಕಾಲಕ್ಕೆ ಹೊಸ ವಸ್ತುವನ್ನು ಸುಲಭವಾಗಿ ತುಂಬಿಕೊಂಡಿತು. ಬೀಸುವ ಹಾಡಿಗೆ ಆ ಸೌಲಭ್ಯವಿರಲಿಲ್ಲ. ಅದಕ್ಕೆ ಕಲ್ಲು ಬೇಕಾಗಿತ್ತು.

ಕಲ್ಲು ನಿಂತಿತು. ಹಳ್ಳಿಗೆ ಹಿಟ್ಟಿನ ಗಿರಣಿಯು ಬಂದು, ಮೊದಲು ಎಣ್ಣೆಯಿಂದಲೂ ಬಳಿಕ ವಿದ್ಯುತ್ತಿನಿಂದಲೂ ತಿರುಗಿತು. ಕೆಲ ತಾಸುಗಳ ಬೀಸುವಿಕೆಯು ಕೆಲ ನಿಮಿಷಗಳ ಕೆಲಸವಾಯಿತು. ಬೀಸುವ ಕಲ್ಲು ಹಿತ್ತಲಿಗೆ ಸರಿಯಿತು, ಹಲವು ಮನೆಗಳಲ್ಲಿ ಮೆಟ್ಟಿಲಾಯಿತು. ಹಾಡಿನ ಸಂದರ್ಭವೇ ಹೋದ ಮೇಲೆ ಹಾಡು ಮಗಳಿಗೆ ಇಳಿಯಲಿಲ್ಲ. ಇಲ್ಲಿ ನಮ್ಮ ಪೂರ್ವಾಭಿಮಾನಿಗಳು ನಿಟ್ಟುಸಿರಿಡುತ್ತಾರೆ. ಅವರ ನಿಟ್ಟುಸಿರಿನಲ್ಲಿ ನಾವು ಪೂರ್ತಿಯಾಗಿ ಪಾಲುಗೊಳ್ಳಲಾರೆವು. ನಸುಕಿಗೆ ಮೊದಲೇ ಎದ್ದು, ಬಸಿರಿ-ಬಾಣಂತಿಯೆನ್ನದೆ, ತೋಳು ಸೋಲುವ ವರೆಗೆ ಕಲ್ಲೆಳೆದವರು ನಿಟ್ಟುಸಿರಿಡುವ ಆ ಗಂಡಸರಲ್ಲ. ಗಿರಣಿಯು ಬಂದ ದಿನ ಹೆಂಗಸರು ಅತ್ತರೆಂದು ಯಾವ ಹಳ್ಳಿಯಲ್ಲಿಯೂ ಹೇಳುವದಿಲ್ಲ. ಹಾಡಿಗಾಗಿ ದುಡಿತವನ್ನು ಮರಳಿ ತರಬೇಕೆನ್ನುವದು ಅನ್ಯಾಯ.

ಆದರೆ ಹೋದುದು ರಾಗ-ಲಯಗಳಷ್ಟೇ ಅಲ್ಲವೆಂಬುದನ್ನು ಕಾಣದಿರುವದೂ ಕುರುಡುತನವೇ. ಗಂಡನ ಮನೆಯಲ್ಲಿ ಬಾಯಿಬಿಟ್ಟು ಮಾತಾಡಲಾರದ ಸೊಸೆಯು ಅತ್ತೆಯ ಕಿವಿಗೆ ಬೀಳುವಂತೆಯೇ ತನ್ನ ಸಂಕಟವನ್ನು ಹಾಡಬಹುದಾಗಿತ್ತು. ಕಲ್ಲಿನ ಸದ್ದು ಅವಳ ಮರೆಯಾಗಿತ್ತು, ಹಾಡೆಂಬ ಹೆಸರು ಅವಳ ರಕ್ಷೆಯಾಗಿತ್ತು. ಮಾತಾಗಿದ್ದರೆ ಜಗಳವಾಗುತ್ತಿದ್ದುದು ಹಾಡಾಗಿ ಸಹ್ಯವಾಗುತ್ತಿತ್ತು. ಗಿರಣಿಯು ದುಡಿತವನ್ನು ಕಳೆಯಿತು. ಆ ಮಾತಿನ ಜಾಗವನ್ನೂ ಕಳೆಯಿತು. ಮಹಿಳಾ ಮಂಡಳಗಳೂ ಸ್ವಸಹಾಯ ಸಂಘಗಳೂ ಆ ಜಾಗವನ್ನು ಕೆಲಮಟ್ಟಿಗೆ ತುಂಬಿವೆಯೆಂದು ತೋರುತ್ತದೆ. ಉಳಿತಾಯದ ಲೆಕ್ಕಕ್ಕೆಂದು ಕೂಡಿದ ಹತ್ತು ಹೆಂಗಸರು ಲೆಕ್ಕವನ್ನಷ್ಟೇ ಮಾತಾಡುತ್ತಾರೆಂದು ನಂಬುವವರಿಗೆ ಹಳ್ಳಿಯ ಪರಿಚಯವಿಲ್ಲ. ಆದರೆ ಅಲ್ಲಿ ಹಾಡು ಹುಟ್ಟಿಲ್ಲ.

ಹೊರನಾಡುಗಳಲ್ಲಿಯೂ ಇಂಥದೇ ನಡೆದಿದೆ. ಸ್ಕಾಟಲಂಡದ ಪಡುವಣದ ಹೆಬ್ರಿಡಿಸ್ ದ್ವೀಪಗಳಲ್ಲಿ ಹೆಂಗಸರು ಹಲಗೆಯ ಸುತ್ತ ಕುಳಿತು, ಹೊಸದಾಗಿ ನೇಯ್ದ ಉಣ್ಣೆಯ ಬಟ್ಟೆಯನ್ನು ತಾಳಕ್ಕೆ ಸರಿಯಾಗಿ ಬಡಿದು ಹದಗೊಳಿಸುತ್ತ ಗೇಲಿಕ್ ನುಡಿಯಲ್ಲಿ ಹಾಡುತ್ತಿದ್ದರು. ಯಂತ್ರವು ಬಂದು ಆ ಕೆಲಸವು ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ನಿಂತುಹೋಯಿತು. ಅಷ್ಟರಲ್ಲಿ ಕೆಲವರು ಹಾಡುಗಳನ್ನು ಬರೆದುಕೊಂಡು ಧ್ವನಿಮುದ್ರಿಸಿದ್ದರಿಂದ ಅವು ಈಗ ಸಭಾಗೃಹದಲ್ಲಿ ಉಳಿದಿವೆ. ಬಡಿಯಲು ಬಟ್ಟೆಯಿಲ್ಲದಿದ್ದರೂ ಹಾಡುವವರು ಬಡಿಯುವ ಅಭಿನಯವನ್ನು ಮಾಡುತ್ತಾರಂತೆ. ಫಿನ್ಲಂಡದ ವೈದ್ಯ ಲೊನ್ರೋಟ್ಟನು ಗಡಿಯಾಚೆಯ ಕರೇಲಿಯದ ಮುದುಕರಿಂದ ಕೇಳಿ ಬರೆದ ಹಾಡುಗಳನ್ನು ಜೋಡಿಸಿ 1835ರಲ್ಲಿ ‘ಕಾಲೆವಾಲ’ವನ್ನು ಹೊರತಂದನು, ಅದು ಒಂದು ರಾಷ್ಟ್ರದ ಬೆನ್ನೆಲುಬಾಯಿತು. ಹಾಡಿದ ಹಲವು ಊರುಗಳು ಇಂದಿಗೂ ರಶಿಯದ ಗೆರೆಯೊಳಗಿವೆ. ನಾಡಿನ ಹಾಡು ನಾಡಿನ ಗಡಿಯೊಳಗೇ ಹುಟ್ಟಬೇಕೆಂಬ ನಿಯಮವು ಅಲ್ಲಿಯೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಯುರೋಪದ ಪಂಡಿತರು ಜಗತ್ತಿನ ಜನಾಂಗಗಳನ್ನೆಲ್ಲ ಒಂದೇ ಏಣಿಯ ಮೆಟ್ಟಿಲುಗಳ ಮೇಲೆ ನಿಲ್ಲಿಸಿ, ಮೇಲಿನ ಮೆಟ್ಟಿಲು ತಮ್ಮದೆಂದು ಬಗೆದಿದ್ದರು. ಟೈಲರನು 1871ರ ತನ್ನ ಗ್ರಂಥದಲ್ಲಿ ಹಳ್ಳಿಗರ ಆಚಾರಗಳನ್ನು ಹಿಂದಿನ ಕಾಲದ ಅವಶೇಷಗಳೆಂದು ಕರೆದನು. 1887ರಲ್ಲಿ ಫ್ರಾಂಜ್ ಬೋವಾಸನೆಂಬ ತರುಣನು ಅಮೇರಿಕೆಯ ವಸ್ತುಸಂಗ್ರಹಾಲಯದವರೊಡನೆ ವಾದಕ್ಕೆ ನಿಂತನು: ಎಲ್ಲ ಜನರ ಬಾಣಗಳನ್ನು ಒಂದು ಕಪಾಟಿನಲ್ಲಿ, ಎಲ್ಲ ಜನರ ಗಡಿಗೆಗಳನ್ನು ಇನ್ನೊಂದರಲ್ಲಿ ಇಡುವದು ತಪ್ಪು, ಒಂದು ಜನದ ಬಾಣ, ಗಡಿಗೆ, ಹಾಡುಗಳನ್ನು ಒಟ್ಟಿಗೆ ಇಟ್ಟರೆ ಮಾತ್ರ ಅವುಗಳ ಅರ್ಥವು ತಿಳಿದೀತು ಎಂದನು. ಬೀಸುವ ಕಲ್ಲನ್ನು ಒಂದು ಮ್ಯೂಜಿಯಮ್ಮಿನಲ್ಲಿಯೂ ಗರತಿಯ ಹಾಡನ್ನು ಒಂದು ಗ್ರಂಥಾಲಯದಲ್ಲಿಯೂ ಇಟ್ಟು ಸಮಾಧಾನಪಡುವ ನಮಗೆ ಈ ಮಾತು ತಕ್ಕುದಾಗಿದೆ.

ಹಾಗೆಂದು ಹಾಡುವದೇ ನಿಂತುಹೋಯಿತೆಂದಲ್ಲ. ವಿಜಾಪುರ-ಬಾಗಲಕೋಟೆಗಳ ತರುಣರು ‘ಜಾನಪದ’ವೆಂಬ ಹೆಸರಿನಿಂದಲೇ ಹೊಸ ಪದಗಳನ್ನು ಕಟ್ಟಿ, ಯಂತ್ರವಾದ್ಯಗಳನ್ನು ಸೇರಿಸಿ, ಯೂಟ್ಯೂಬಿನಲ್ಲಿ ಹರಿಯಬಿಡುತ್ತಿದ್ದಾರೆ; ಟ್ರ್ಯಾಕ್ಟರಿನ ಮೇಲಿನ ಧ್ವನಿವರ್ಧಕಗಳಿಂದ ಅವು ಊರೂರಿನ ಜಾತ್ರೆಯಲ್ಲಿ ಮೊಳಗುತ್ತವೆ. ಅವುಗಳಲ್ಲಿ ಬಹಳಷ್ಟು ಒರಟು, ಕೆಲವು ಅಸಭ್ಯವೂ ಹೌದು. ಆದರೆ ನುಡಿಯು ಅಪ್ಪಟ ಭೀಮಾ-ಕೃಷ್ಣೆಗಳ ನಡುವಣದು, ಪುಸ್ತಕದ್ದಲ್ಲ. ನದಿಯಾಚೆಯ ಮರಾಠಿ ಹುಡುಗರೂ ಅವಕ್ಕೆ ಕುಣಿಯುತ್ತಾರೆ. ಲಾವಣಿಯನ್ನೂ ಒಂದು ಕಾಲಕ್ಕೆ ಸಭ್ಯರು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವೆಂಬುದನ್ನು ಮರೆಯದಿರುವದು ಒಳ್ಳೆಯದು.

ಇದಕ್ಕಿಂತ ಚಿಂತೆಯ ವಿಷಯವು ಮಕ್ಕಳದು. ಈ ಸೀಮೆಯಿಂದ ಹಲವು ಕುಟುಂಬಗಳು ಕಬ್ಬು ಕಡಿಯಲು ವರ್ಷದ ಕೆಲ ತಿಂಗಳು ಮಹಾರಾಷ್ಟ್ರಕ್ಕೆ ಹೋಗುತ್ತವೆ. ಅವುಗಳ ಮಕ್ಕಳು ಕನ್ನಡ ಶಾಲೆಯ ಅರ್ಧ ವರ್ಷವನ್ನು ಕಳೆದುಕೊಂಡು, ಮರಾಠಿ ಶಾಲೆಯ ಅರ್ಧ ವರ್ಷವನ್ನೂ ಪಡೆಯದೆ, ಎರಡು ನುಡಿಯನ್ನಾಡಿಯೂ ಒಂದನ್ನೂ ಬರೆಯಲಾರದವರಾಗುತ್ತಾರೆ. ಆಚೆಗೆ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಮುಂದಿನ ವಿದ್ಯೆಯೂ ನೌಕರಿಯೂ ಬೇರೆ ನುಡಿಯಲ್ಲಿ ಕಾದಿರುತ್ತವೆ. 2022ರ ಕೊನೆಗೆ ಜತ್ತದ ಹಳ್ಳಿಗಳ ಪ್ರಶ್ನೆಯು ಎರಡೂ ರಾಜ್ಯಗಳಲ್ಲಿ ಗದ್ದಲವನ್ನೆಬ್ಬಿಸಿತು. ಆ ಹಳ್ಳಿಗರು ಮುಖ್ಯವಾಗಿ ಕೇಳುತ್ತಿದ್ದುದು ನೀರನ್ನು. ನಾವು ಎರಡೂ ಕಡೆಯವರು ಅವರಿಗೆ ಕೊಟ್ಟುದು ಭಾಷಣವನ್ನು.

ಕಾಲವು ತರುವ ಮಾರ್ಪಾಡನ್ನು ತಡೆಯಲಾಗದು. ಆದರೆ ಯಾವುದು ದಾಖಲೆಯಿಲ್ಲದೆ ಹೋಗಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ. ಸಿಂಪಿ ಲಿಂಗಣ್ಣನವರು 1993ರಲ್ಲಿ ಕೊಪ್ಪಳದ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾಗಿ, ಅದೇ ವರ್ಷ ತೀರಿಕೊಂಡರು. ಚಡಚಣ ತಾಲೂಕಿನಲ್ಲಿ ಅವರ ಹೆಸರನ್ನು ಭಾಷಣದಲ್ಲಿ ನೆನೆಯದ ಸಮಾರಂಭವಿಲ್ಲ. ಈಗ ಬೇಕಾದುದು ಭಾಷಣವಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿಯೂ ಧ್ವನಿಯನ್ನು ಮುದ್ರಿಸುವ ಯಂತ್ರವಿದೆ. ಹಲಸಂಗಿಯ ಗೆಳೆಯರಿಗೆ ಇದ್ದುದು ಕಾಗದ ಮತ್ತು ಸೀಸದಕಡ್ಡಿ. ತಾಲೂಕಿನ ಕಾಲೇಜುಗಳು ಒಂದು ಬೇಸಿಗೆಯ ರಜೆಯನ್ನು ಇದಕ್ಕೆ ಮೀಸಲಿಟ್ಟು, ಧೂಳಖೇಡದಿಂದ ಹಲಸಂಗಿಯ ವರೆಗೆ, ಸಾಧ್ಯವಾದರೆ ನದಿ ದಾಟಿಯೂ, ಕನ್ನಡದ ತ್ರಿಪದಿ ಮತ್ತು ಮರಾಠಿಯ ಓವಿಗಳೆರಡನ್ನೂ ಹಾಡಿದವಳ ಹೆಸರಿನೊಡನೆ, ಅವಳ ಒಪ್ಪಿಗೆಯಿಂದ, ಕೂಡಿಸಬೇಕು. ಗಿರಣಿ ಬರುವ ಮೊದಲು ಅತ್ತೆಯ ಜೊತೆಗೆ ಕುಳಿತು ಬೀಸಿದ ಹೆಂಗಸರು ಈಗ ಎಪ್ಪತ್ತನ್ನು ದಾಟಿದ್ದಾರೆ.